ಓದಿದ್ದು ಯಾಕೆ ನೆನಪಿರುವುದಿಲ್ಲ, ಟೀಚರೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಪಿಟಿಎ, ಅಂದರೆ ಹೆತ್ತವರು ಮತ್ತು ಟೀಚರುಗಳ ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮೀಟಿಂಗ್ ಮುಗಿದು ಕೈಗೆ ಚಹಾ ಬಂದ ಮೇಲೆ ನಿಜವಾದ ಪ್ರಶ್ನೆಗಳು ಶುರು. ಅಲ್ಲಿ ಕೇಳಿದವು, ಪೆರ್ಲದ ಬಸ್ಸಿನಲ್ಲಿ ಕೇಳಿದವು, ಮದುವೆ ಊಟದ ಪಂಕ್ತಿಯಲ್ಲಿ ಸಾರು ಬರುವ ಮೊದಲು ಕೇಳಿದವು, ಎಲ್ಲ ಇಲ್ಲಿವೆ. ನಾನು ಡಾಕ್ಟರಲ್ಲ. ಔಷಧಿಯ ವಿಷಯ ಕೇಳಬೇಡಿ.

ಮಗ ರಾತ್ರಿ ಎರಡು ಗಂಟೆ ಕೂತು ಓದುತ್ತಾನೆ. ಬೆಳಗ್ಗೆ ಕೇಳಿದರೆ ಏನೂ ಇಲ್ಲ. ತಲೆಯಲ್ಲಿ ಏನಾದರೂ ತೊಂದರೆಯಾ?

ತಲೆ ಸರಿ ಇದೆ. ಮರೆಯುವುದು ರೋಗವಲ್ಲ, ಮೆದುಳು ದಿನಾ ಮಾಡುವ ಕೆಲಸ. ನಿನ್ನೆ ಬಸ್ಸಿನಲ್ಲಿ ಪಕ್ಕ ಕೂತವರ ಸೀರೆಯ ಬಣ್ಣ, ಮೊನ್ನೆ ಅಂಗಡಿಯವನು ಕೊಟ್ಟ ಚಿಲ್ಲರೆ, ಎಲ್ಲ ನೆನಪಿದ್ದರೆ ಬದುಕುವುದು ಹೇಗೆ?

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಇದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಪ್ರಯೋಗ ಮಾಡಿದ್ದು ತನ್ನ ಮೇಲೆಯೇ. ಅರ್ಥವೇ ಇಲ್ಲದ ಉಚ್ಚಾರಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಪುನಃ ಕಲಿಯುವುದು. ಎರಡನೇ ಸಲ ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಇಡುವುದು. ಎಂಥ ತಾಳ್ಮೆ ನೋಡಿ! ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಸೋರಿ ಹೋಗಿತ್ತು. ಒಂದು ದಿನಕ್ಕೆ ಉಳಿದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಆದರೆ ತಿಂಗಳು ಕಳೆದರೂ ಐದರಲ್ಲಿ ಒಂದು ಪಾಲು ಹಾಗೇ ಇತ್ತು. ಅಂದರೆ ಮೊದಲ ದಿನವೇ ಸೋರಿಕೆ ಜೋರು, ಆಮೇಲೆ ನಿಧಾನ.

ನಿಮ್ಮ ಮಗ ಓದುವುದು ಅರ್ಥವಿಲ್ಲದ ಉಚ್ಚಾರ ಅಲ್ಲ, ಪಾಠ. ಅರ್ಥವಾದರೆ ಇಷ್ಟು ಬೇಗ ಸೋರುವುದಿಲ್ಲ. ಹಾಗಾಗಿ ಬೆಳಗ್ಗೆ "ಏನೂ ಇಲ್ಲ" ಎಂದಾದರೆ ನನ್ನ ಮೊದಲ ಸಂಶಯ ಮೆದುಳಿನ ಮೇಲಲ್ಲ. ರಾತ್ರಿ ಓದುವಾಗ ಅರ್ಥ ಆಗಿತ್ತಾ, ಇಲ್ಲ ಕಣ್ಣು ಮಾತ್ರ ಸಾಲಿನ ಮೇಲೆ ಓಡಿತ್ತಾ?

ಹಾಗಾದರೆ ಹತ್ತು ಸಲ ಓದಿಸಬೇಕು, ಬರೆಸಬೇಕು ಅಲ್ವಾ?

ನಾನೂ ಹಾಗೇ ನಂಬಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉತ್ತರ ಹೇಳದವರಿಗೆಲ್ಲ ಇಂಪೊಸಿಷನ್ ಕೊಡುತ್ತಿದ್ದೆ, ಇಪ್ಪತ್ತು ಸಲ. ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಕ್ಲಾಸಿನ ಕಡೆ ಹೋದೆ. ಒಂದು ಹುಡುಗಿ ಕೂತು ಪರಾಗಸ್ಪರ್ಶದ ವ್ಯಾಖ್ಯೆ ಬರೆಯುತ್ತಿದ್ದಳು. ಹಿಂದಿನಿಂದ ಬಗ್ಗಿ ನೋಡಿದೆ. ಮೊದಲು ಇಪ್ಪತ್ತು ಸಾಲಿನಲ್ಲೂ ಮೇಲಿಂದ ಕೆಳಗೆ "ಪರಾಗಸ್ಪರ್ಶ" ಎಂದು ಬರೆದು ಮುಗಿಸಿದ್ದಳು. ಆಮೇಲೆ ಅದರ ಪಕ್ಕದಲ್ಲಿ "ಎಂದರೆ", ಅದೂ ಮೇಲಿಂದ ಕೆಳಗೆ ಇಪ್ಪತ್ತು. ಹೀಗೆ ಕಂಬ ಕಂಬವಾಗಿ. "ಹೀಗೆ ಬರೆದರೆ ಬೇಗ ಮುಗಿಯುತ್ತದೆ ಟೀಚರ್" ಅಂದಳು. ಕೈ ಇಪ್ಪತ್ತು ಸಲ ಬರೆದಿತ್ತು. ತಲೆಯೊಳಗೆ ವಾಕ್ಯ ಒಂದು ಸಲವೂ ಹೋಗಿರಲಿಲ್ಲ. ಅಂದಿನಿಂದ ಇಂಪೊಸಿಷನ್ ಬಿಟ್ಟೆ.

ಓದಿದ್ದನ್ನೇ ಪುನಃ ಓದುವುದೂ ಹೆಚ್ಚು ಕಡಿಮೆ ಇದೇ ಕತೆ. ಎರಡನೇ ಸಲ ಓದುವಾಗ ಎಲ್ಲ ಪರಿಚಯದ್ದು ಅನಿಸುತ್ತದೆ. "ಇದು ಗೊತ್ತುಂಟು" ಅನಿಸುತ್ತದೆ. ಮುಖ ಪರಿಚಯ ಇರುವುದು ಬೇರೆ, ಹೆಸರು ಹಿಡಿದು ಕರೆಯುವುದು ಬೇರೆ. ಪರೀಕ್ಷೆಯಲ್ಲಿ ಬೇಕಾದ್ದು ಎರಡನೆಯದು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ವಿದ್ಯಾರ್ಥಿಗಳು ಎರಡು ಪಾಠ ಓದಿದರು. ಒಂದನ್ನು ಮತ್ತೆ ಓದಿದರು. ಇನ್ನೊಂದನ್ನು ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದ್ದೇ ಮುಂದೆ: ಶೇ. 81, ಬರೆದದ್ದು ಶೇ. 75. ಒಂದು ವಾರ ಬಿಟ್ಟು ಮಾಡಿದಾಗ ಲೆಕ್ಕ ಮಗುಚಿ ಬಿತ್ತು. ಓದಿದ್ದಕ್ಕೆ ಶೇ. 42, ಬರೆದದ್ದಕ್ಕೆ ಶೇ. 56.

ಹಾಗಾಗಿ ಪುಸ್ತಕ ಮುಚ್ಚಿಸಿ. "ಇವತ್ತು ಏನು ಓದಿದೆ, ಹೇಳು ನೋಡುವಾ" ಎನ್ನಿ. ತಡವರಿಸಲಿ, ಅರ್ಧಂಬರ್ಧ ಹೇಳಲಿ. ಆ ಹುಡುಕಾಟವೇ ಕಲಿಕೆ. ಆಮೇಲೆ ಪುಸ್ತಕ ತೆರೆದು ತಪ್ಪು ಸರಿ ಮಾಡಿಕೊಳ್ಳಲಿ. ತಪ್ಪು ತಿದ್ದದೆ ಬಿಟ್ಟರೆ ಮಾತ್ರ ತಪ್ಪೇ ಗಟ್ಟಿಯಾಗುತ್ತದೆ.

ನನಗೆ ಓದು ಬರುವುದಿಲ್ಲ. ನಾನು ಹೇಗೆ ಕೇಳಲಿ?

ಈ ಪ್ರಶ್ನೆ ಕೇಳಿದವರು ತೋಟದ ಕೆಲಸಕ್ಕೆ ಹೋಗುವ ಒಬ್ಬ ತಾಯಿ. ನನಗೆ ಬಹಳ ಇಷ್ಟವಾದ ಪ್ರಶ್ನೆ. ಓದು ಬರದಿದ್ದರೆ ಇನ್ನೂ ಒಳ್ಳೆಯದು ಎಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ನೀವು ಪಾತ್ರೆ ತೊಳೆಯುವಾಗ ಮಗಳು ಪಕ್ಕದಲ್ಲಿ ಕೂತು "ಇವತ್ತು ಹೃದಯದ ಪಾಠ" ಎಂದು ಹೇಳಲಿ. ಅರ್ಥವಾಗದ ಕಡೆ "ಅದು ಯಾಕೆ ಹಾಗೆ?" ಎಂದು ಕೇಳಿ. ರಕ್ತ ಹಿಂದಕ್ಕೆ ಯಾಕೆ ಬರುವುದಿಲ್ಲ? ಅವಳು ಕವಾಟದ ವಿಷಯ ಹೇಳಲೇಬೇಕು. ನೀರನ್ನು ಮೇಲಕ್ಕೆ ಬಿಟ್ಟು ಹಿಂದಕ್ಕೆ ಬಿಡದ ಪಂಪಿನ ಫುಟ್‌ವಾಲ್ವ್ ನಿಮಗೆ ಗೊತ್ತು, ಅವಳಿಗೂ ಗೊತ್ತು. ಹೊಸದನ್ನು ಗೊತ್ತಿದ್ದದ್ದಕ್ಕೆ ಕಟ್ಟಿಹಾಕಿದರೆ ಅದು ಜಾರುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಪುನಃ ನೋಡಬೇಕು?

ನಮ್ಮ ಏತಡ್ಕದ ಕಡೆ ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ಕಲ್ಲು ಮಣ್ಣಿನ ಒಡ್ಡು, ಕಟ್ಟುವುದನ್ನು ನೋಡಿದ್ದೀರಲ್ಲ. ಮಳೆ ನಿಂತ ಮೇಲೆ ಪ್ರತಿ ವರ್ಷವೂ ಕಟ್ಟಬೇಕು. ಈ ವರ್ಷ ಕಟ್ಟಿದೆ, ಇನ್ನು ಮುಗಿಯಿತು ಅಂತ ಇಲ್ಲ. ಪಾಠವೂ ಹಾಗೆಯೇ. ಒಂದೇ ದಿನ ಐದು ಗಂಟೆ ಕೂರುವುದಕ್ಕಿಂತ ಐದು ಬೇರೆ ಬೇರೆ ದಿನ ಒಂದೊಂದು ಗಂಟೆ ಕೂತರೆ ಜಾಸ್ತಿ ಉಳಿಯುತ್ತದೆ. ಎಬ್ಬಿಂಗ್‌ಹೌಸ್ ಕಾಲದಿಂದ ಈ ತನಕ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿದ ಸಂಗತಿ ಇದು.

ನಾನು ಮಕ್ಕಳಿಗೆ ಹೇಳುವುದು: ಮರುದಿನ ಒಮ್ಮೆ, ನಾಲ್ಕೈದು ದಿನ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಈ ಲೆಕ್ಕ ನನ್ನ ಅಂದಾಜು, ಶಾಸ್ತ್ರವಲ್ಲ. ಪರೀಕ್ಷೆ ದೂರ ಇದ್ದಷ್ಟೂ ನಡುವಿನ ಅಂತರ ದೊಡ್ಡದಿರಬಹುದು ಎಂಬುದು ಮಾತ್ರ ನಿಜ. ಸ್ವಲ್ಪ ಮರೆತ ಮೇಲೆ ನೆನಪಿಸಿಕೊಂಡರೇ ಪ್ರಯೋಜನ. ಜೂನ್‌ನಲ್ಲಿ ಮಾಡಿದ ಪಾಠವನ್ನು ನೇರ ಫೆಬ್ರವರಿಯಲ್ಲಿ ತೆರೆಯುವವರೇ ನಮ್ಮಲ್ಲಿ ಜಾಸ್ತಿ. ಅಷ್ಟರಲ್ಲಿ ಕಟ್ಟ ಕೊಚ್ಚಿ ಹೋಗಿ ಕಲ್ಲೂ ಉಳಿದಿರುವುದಿಲ್ಲ.

ನೆನಪು ಮೆದುಳಿನ ಯಾವ ಜಾಗದಲ್ಲಿ ಇರುತ್ತದೆ?

ಒಂದೇ ಜಾಗದಲ್ಲಿ ಇಲ್ಲ. ಮೆದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್‌ಗಳು, ಅಂದರೆ ನರಕೋಶಗಳು ಇವೆ. ಒಂದೊಂದೂ ಸಾವಿರಾರು ಬೇರೆ ಕೋಶಗಳ ಜೊತೆ ಮಾತಾಡುತ್ತದೆ. ಮಾತು ದಾಟುವ ಸಂದಿಗೆ ಸಿನಾಪ್ಸ್ ಎನ್ನುತ್ತಾರೆ. ಎರಡು ಕೋಶಗಳು ಒಟ್ಟೊಟ್ಟಿಗೆ ಮತ್ತೆ ಮತ್ತೆ ಕೆಲಸ ಮಾಡಿದರೆ ಅವುಗಳ ನಡುವಿನ ಸಂದಿ ಬಲವಾಗುತ್ತದೆ. ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಹೀಗಿರಬಹುದು ಎಂದು ಊಹಿಸಿದರು. ಬ್ಲಿಸ್ ಮತ್ತು ಲೊಮೊ 1973ರಲ್ಲಿ ಮೊಲದ ಮೆದುಳಿನಲ್ಲಿ ಅಂಥ ಬದಲಾವಣೆಯನ್ನು ಕಂಡು ಪ್ರಕಟಿಸಿದರು. ಕಡಲ ಬಸವನಹುಳುವಿನ ನರಗಳಲ್ಲಿ ಕಲಿಕೆ ಹೇಗೆ ನಡೆಯುತ್ತದೆ ಎಂದು ಹುಡುಕಿದ ಎರಿಕ್ ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಬಂತು. ಹುಳುವಿನ ತಲೆ, ಮನುಷ್ಯನ ತಲೆ, ಕೆಲಸದ ಮೂಲ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಆದರೆ ಹೊಸ ನೆನಪು ಗಟ್ಟಿಯಾಗಬೇಕಾದರೆ ಒಂದು ಭಾಗ ಬೇಕೇ ಬೇಕು. ಹಿಪೊಕ್ಯಾಂಪಸ್. ಕಿವಿಯ ಹತ್ತಿರ, ಮೆದುಳಿನ ಒಳಗೆ, ಎರಡೂ ಬದಿಯಲ್ಲಿ ಒಂದೊಂದು. ಕಡಲಕುದುರೆಯ ಆಕಾರ ಇರುವುದರಿಂದ ಆ ಹೆಸರು. ಅದರ ಮಹತ್ವ ಗೊತ್ತಾದದ್ದು ಒಬ್ಬ ಮನುಷ್ಯನ ಕಷ್ಟದಿಂದ.

ಅಮೆರಿಕದ ಹೆನ್ರಿ ಮೊಲೈಸನ್‌ಗೆ ಚಿಕ್ಕಂದಿನಿಂದ ಫಿಟ್ಸ್. 1953ರಲ್ಲಿ, 27ನೇ ವಯಸ್ಸಿಗೆ, ಅದನ್ನು ನಿಲ್ಲಿಸಲು ಆಪರೇಷನ್ ಮಾಡಿ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಪಾಲು ತೆಗೆದರು. ಫಿಟ್ಸ್ ಬಹಳ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸದಾಗಿ ಏನೂ ನೆನಪಿನಲ್ಲಿ ಕೂರಲಿಲ್ಲ. ಮಾತಾಡಿ ಹೊರಗೆ ಹೋದ ಡಾಕ್ಟರ್ ಸ್ವಲ್ಪ ಹೊತ್ತಿನಲ್ಲಿ ಒಳಗೆ ಬಂದರೆ ಪುನಃ ಹೊಸಬರು. ಬಾಲ್ಯದ ನೆನಪು ಮಾತ್ರ ಇತ್ತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಒಂದು ಕೆಲಸ ಕೊಟ್ಟರು. ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಚಿತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಮಾಡಿ ನೋಡಿ, ಕೈ ಎತ್ತಲೋ ಹೋಗುತ್ತದೆ. ಹೆನ್ರಿ ದಿನದಿಂದ ದಿನಕ್ಕೆ ಅದರಲ್ಲಿ ಪಳಗಿದರು. ಆದರೆ ಪ್ರತಿದಿನವೂ ಅವರ ಪಾಲಿಗೆ ಅದು ಮೊದಲ ಸಲವೇ. ಕೈ ಕಲಿತದ್ದು ಅವರಿಗೇ ಗೊತ್ತಿರಲಿಲ್ಲ!

2008ರಲ್ಲಿ ತೀರಿಕೊಳ್ಳುವ ತನಕ ಅವರ ಹೆಸರನ್ನು ಬಚ್ಚಿಟ್ಟು, ಎಚ್.ಎಂ. ಎಂದಷ್ಟೇ ಬರೆಯುತ್ತಿದ್ದರು. ಅವರಿಂದ ಗೊತ್ತಾದದ್ದು ಇಷ್ಟು: ಸಂಗತಿಗಳ ನೆನಪು ಬೇರೆ, ಕೈಯ ಕಸುಬಿನ ನೆನಪು ಬೇರೆ. ದಾರಿಗಳೇ ಬೇರೆ.

ನಮ್ಮ ಅಜ್ಜಿಗೆ ನನ್ನ ಹೆಸರೂ ಮರೆತಿದೆ. ಆದರೆ ಮಲ್ಲಿಗೆ ಕಟ್ಟುತ್ತಾರೆ. ಇದು ಹೇಗೆ?

ಈಗ ಹೇಳಿದ್ದೇ ಉತ್ತರ. ನನ್ನ ದೊಡ್ಡಮ್ಮನದೂ ಹಾಗೇ ಇತ್ತು. ಜಗಲಿಯಲ್ಲಿ ಕೂರಿಸಿ, ನೀರಿನಲ್ಲಿ ನೆನೆಸಿದ ಬಾಳೆನಾರು ಕೊಟ್ಟು, ಮೊಗ್ಗು ಎದುರಿಗೆ ಸುರಿದರೆ ಸಾಕು. ಎರಡು ಮೊಗ್ಗು ಈಚೆ, ಎರಡು ಆಚೆ, ನಾರಿನ ಒಂದು ಸುತ್ತು, ಒಂದು ಎಳೆತ. ಮೊಳದ ಅಳತೆ ತಪ್ಪುತ್ತಿರಲಿಲ್ಲ. ನಡುವೆ ತಲೆ ಎತ್ತಿ "ನೀನು ಯಾರ ಮಗಳು?" ಎಂದು ನನ್ನನ್ನೇ ಕೇಳುತ್ತಿದ್ದರು. ಉತ್ತರ ಹೇಳಿದರೆ "ಹೌದಾ" ಎಂದು ಪುನಃ ಮೊಗ್ಗು ಹಿಡಿಯುತ್ತಿದ್ದರು.

ಅಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾಳು ಮಾಡುವುದು ಹಿಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕವನ್ನು. ಅದಕ್ಕೇ ಬೆಳಗಿನ ತಿಂಡಿ ಮರೆತು, ಐವತ್ತು ವರ್ಷದ ಹಿಂದಿನ ಮದುವೆ ನೆನಪಿರುತ್ತದೆ. ಕೈಯ ಕಸುಬು ಕೂತಿರುವುದು ಬೇರೆ ಭಾಗಗಳಲ್ಲಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. "ಪ್ರಾಯ ಆಯಿತಲ್ಲ, ಅರಳು ಮರಳು" ಎಂದು ಸುಮ್ಮನಿರಬೇಡಿ. ಬೀಗದ ಕೀ ಎಲ್ಲಿಟ್ಟೆ ಎಂದು ಮರೆಯುವುದು ಎಲ್ಲರಿಗೂ ಇದೆ. ಕೀ ಯಾಕಿರುವುದು ಎಂದೇ ಮರೆತರೆ, ದಿನಾ ಹೋಗುವ ದಾರಿ ತಪ್ಪಿದರೆ, ಒಂದೇ ಪ್ರಶ್ನೆ ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೇಳಿದರೆ ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ನಮ್ಮ ದೊಡ್ಡಮ್ಮನನ್ನು ನಾವು ತೋರಿಸಿದ್ದು ಬಹಳ ತಡವಾಗಿ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಗುವಿನ ತಲೆ ಗೋಜಲಾಗುವುದಿಲ್ಲವಾ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಕೇಳದ ತಾಯಿ ಇಲ್ಲ. ಏಳು ಭಾಷೆಯ ಊರು ಎಂದು ಭಾಷಣದಲ್ಲಿ ಹೆಮ್ಮೆ ಪಡುತ್ತೇವೆ, ಮನೆಗೆ ಬಂದು ಮಗುವಿಗೆ ಎರಡು ಭಾಷೆ ಜಾಸ್ತಿಯಾಯಿತಾ ಎಂದು ಹೆದರುತ್ತೇವೆ.

ಹೆದರಬೇಡಿ. ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳು ಎರಡನ್ನೂ ಬೇರೆ ಬೇರೆಯಾಗಿಯೇ ಹಿಡಿಯುತ್ತಾರೆ. ಒಂದೊಂದು ಭಾಷೆಯಲ್ಲಿ ಗೊತ್ತಿರುವ ಪದ ಸ್ವಲ್ಪ ಕಡಿಮೆ ಇರಬಹುದು. ಒಟ್ಟು ಲೆಕ್ಕ ಹಾಕಿದರೆ ಕಡಿಮೆ ಇರುವುದಿಲ್ಲ. ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಮಲಯಾಳ ಬೆರೆಸಿದರೆ ಅದು ಗೊಂದಲವಲ್ಲ. ಎದುರಿಗಿರುವವರಿಗೆ ಮೂರೂ ಬರುತ್ತದೆ ಎಂದು ಮಗುವಿಗೆ ಗೊತ್ತು, ಅಷ್ಟೇ. ನಾವು ದೊಡ್ಡವರು ಬೆರೆಸುವುದಿಲ್ಲವಾ?

ಎರಡು ಭಾಷೆ ಗೊತ್ತಿದ್ದವರ ಮೆದುಳಿನಲ್ಲಿ ಒಂದನ್ನು ಮಾತಾಡುವಾಗ ಇನ್ನೊಂದು ಪೂರ್ತಿ ಮಲಗಿರುವುದಿಲ್ಲ. ಒಂದು ದಿನ ಎಂಟನೇ ಕ್ಲಾಸಿನಲ್ಲಿ "ಸಸ್ಯಗಳ ಒಂದು ಪಟ್ಟಿ ತಯಾರಿಸಿ" ಎಂದೆ. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ನಕ್ಕವರಿಗೆ ಕನ್ನಡದ ಪಟ್ಟಿ ಗೊತ್ತಿರಲಿಲ್ಲ ಎಂದಲ್ಲ. ಎರಡೂ ಒಟ್ಟಿಗೆ ಎದ್ದು ನಿಂತವು. ಅದರಲ್ಲಿ ಬೇಡದ್ದನ್ನು ಕೂರಿಸಿ ಬೇಕಾದ್ದನ್ನು ಹಿಡಿಯುವ ಕೆಲಸವನ್ನು ನಮ್ಮ ಮಕ್ಕಳು ದಿನಾ ನೂರು ಸಲ ಮಾಡುತ್ತಾರೆ.

ಇದರಿಂದ ಮೆದುಳಿಗೆ ಲಾಭವಿದೆಯಾ? ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಮರೆವಿನ ಕಾಯಿಲೆ ಬಂದ 648 ಜನರ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿತು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಜಾಸ್ತಿ ಭಾಷೆಯವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಎಲ್ಲ ಅಧ್ಯಯನಗಳಲ್ಲೂ ಹೀಗೆ ಬಂದಿಲ್ಲ, ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಹಾಗಾಗಿ ಭಾಷೆಯನ್ನು ಔಷಧಿಯ ಹಾಗೆ ಕುಡಿಸುವುದು ಬೇಡ. ಅಜ್ಜನ ಜೊತೆ ಅಜ್ಜನ ಭಾಷೆಯಲ್ಲಿ ಮಾತಾಡಲಿಕ್ಕೆ ಬೇರೆ ಕಾರಣ ಬೇಕಾ?

ಹತ್ತರ ತನಕ ಕನ್ನಡದಲ್ಲಿ ಕಲಿತದ್ದು ಪ್ಲಸ್ ವನ್‌ನಲ್ಲಿ (ಹನ್ನೊಂದನೇ ಕ್ಲಾಸಿನಲ್ಲಿ) ಇಂಗ್ಲಿಷಿಗೆ ಹೋದಾಗ ದಂಡ ಅಲ್ವಾ?

ದಂಡ ಅಲ್ಲ. ಎಲೆ ಬಿಸಿಲು ಕುಡಿದು ಹೇಗೆ ಆಹಾರ ಮಾಡುತ್ತದೆ ಎಂಬ ತಿಳಿವಳಿಕೆಗೆ ಭಾಷೆ ಇಲ್ಲ. ದ್ಯುತಿಸಂಶ್ಲೇಷಣೆ ಎಂದರೂ ಅದೇ, ಫೋಟೋಸಿಂಥೆಸಿಸ್ ಎಂದರೂ ಅದೇ. (ನನ್ನ ಕೇಳಿದರೆ ಮೊದಲನೆಯದೇ ನಾಲಿಗೆಗೆ ಕಷ್ಟ.) ಕನ್ನಡದಲ್ಲಿ ಅರ್ಥ ಮಾಡಿಕೊಂಡವರಿಗೆ ಹೊಸ ಹೆಸರು ಕಲಿಯುವ ಕೆಲಸ ಮಾತ್ರ ಬಾಕಿ. ಅರ್ಥ ಮಾಡಿಕೊಳ್ಳದೆ ಉರು ಹೊಡೆದವರಿಗೆ ಎರಡೂ ಬಾಕಿ.

ಆದರೆ ಮೊದಲ ನಾಲ್ಕೈದು ತಿಂಗಳು ಒದ್ದಾಟ ಇದ್ದೇ ಇದೆ. ಅದನ್ನು ಮುಚ್ಚಿಡುವುದಿಲ್ಲ. ಯಾವ ಭಾಷೆಯಲ್ಲಿ ನೆನಪು ಕೂತಿದೆಯೋ ಅದೇ ಭಾಷೆಯಲ್ಲಿ ಕೇಳಿದರೆ ಬೇಗ ಬರುತ್ತದೆ. ರಷ್ಯನ್, ಇಂಗ್ಲಿಷ್ ಎರಡೂ ಮಾತಾಡುವವರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ರಷ್ಯನ್‌ನಲ್ಲಿ ಕೇಳಿದರೆ ರಷ್ಯನ್ ಮಾತಾಡುತ್ತಿದ್ದ ಕಾಲದ ಘಟನೆಗಳು ಜಾಸ್ತಿ ನೆನಪಾದವು. ಹಾಗಾಗಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಅಭ್ಯಾಸದ ಉತ್ತರ ಮಾತ್ರ ಪರೀಕ್ಷೆಯ ಭಾಷೆಯಲ್ಲೇ ಬರೆಯಿರಿ. ನಮ್ಮ ಶಾಲೆಯಿಂದ ಹೋದವರಿಗೆ ಇದನ್ನೇ ಹೇಳುತ್ತೇನೆ. ಜೂನ್‌ನಲ್ಲಿ ಅಳುತ್ತಾ ಫೋನ್ ಮಾಡಿದವರು ಓಣಂ ರಜೆ ಕಳೆದ ಮೇಲೆ ಫೋನೇ ಮಾಡುವುದಿಲ್ಲ.

ಫೋನ್ ಪಕ್ಕದಲ್ಲಿಟ್ಟು ಓದಿದರೆ ಏನಾಗುತ್ತದೆ?

ಫೋನಿಗೆ ಒಟಿಪಿ ಬರುತ್ತದೆ. ಆರು ಅಂಕಿ. ನೋಡಿ ಮನಸ್ಸಿನಲ್ಲಿ ಹಿಡಿದು ಟೈಪ್ ಮಾಡುವ ಮೊದಲು ಯಾರಾದರೂ "ಅಕ್ಕಾ" ಎಂದರೆ ಮುಗಿಯಿತು, ಪುನಃ ನೋಡಬೇಕು. ಆ ಕ್ಷಣಕ್ಕೆ ಹಿಡಿದುಕೊಳ್ಳುವ ಜಾಗ ಅಷ್ಟು ಚಿಕ್ಕದು. ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಸಂಗತಿ ಹಿಡಿಯಬಹುದು ಎಂದರು. ಆಮೇಲಿನವರು ನಾಲ್ಕಕ್ಕೆ ಇಳಿಸಿದ್ದಾರೆ. ಪಾಠ ಒಳಗೆ ಹೋಗಬೇಕಾದರೆ ಆ ಸಣ್ಣ ಬಾಗಿಲಿನಿಂದಲೇ ಹೋಗಬೇಕು. ಅಲ್ಲಿ ವಾಟ್ಸ್ಆ್ಯಪ್ ಕಾಲು ಚಾಚಿ ಕೂತಿದ್ದರೆ? ಬೇರೆ ಕೋಣೆಯಲ್ಲಿ ಇಡಿ. ನೀವೂ.

ತಾಳಮದ್ದಳೆಯ ಅರ್ಥಧಾರಿಗಳು ಗಂಟೆಗಟ್ಟಲೆ ಚೀಟಿ ಇಲ್ಲದೆ ಮಾತಾಡುತ್ತಾರೆ. ಅವರ ಮೆದುಳು ಬೇರೆಯಾ?

ಅದೇ ಮೆದುಳು. ಒಂದೂವರೆ ಕಿಲೋಗಿಂತ ಸ್ವಲ್ಪ ಕಡಿಮೆ.

ಕುಂಬಳೆ ಸೀಮೆಯವರಿಗೆ ತಾಳಮದ್ದಳೆ ಏನೆಂದು ನಾನು ಹೇಳಬೇಕಾಗಿಲ್ಲ. ಬೇರೆಯವರಿಗೆ: ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ; ಪಾತ್ರವಾಗಿ ಮಾತಾಡುವವರು ಅರ್ಥಧಾರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಮಾತಾಡಿದ ನೆಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅಲ್ಲಿಂದಲೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಇವತ್ತಿನ ಕರ್ಣ ನಾಳೆ ಬೇರೆಯೇ ವಾದ ಹೂಡುತ್ತಾನೆ. ಅಂದರೆ ಅವರು ಬಾಯಿಪಾಠ ಒಪ್ಪಿಸುತ್ತಿಲ್ಲ. ಕತೆಯ ಎಲುಬು ಗೊತ್ತು, ಪಾತ್ರದ ಸ್ವಭಾವ ಗೊತ್ತು, ಪುರಾಣದ ನೂರು ಉಪಕತೆ ಗೊತ್ತು. ಎದುರಿನವರು ಒಂದು ಪ್ರಶ್ನೆ ಎಸೆದರೆ ಅದಕ್ಕೆ ತಗುಲಿಕೊಂಡ ಹತ್ತು ಸಂಗತಿ ಒಟ್ಟಿಗೆ ಎದ್ದು ಬರುತ್ತವೆ.

ಇದೇ ಸಂಗತಿಯನ್ನು ಚೆಸ್ ಆಟಗಾರರಲ್ಲಿ ನೋಡಿದ್ದಾರೆ. ನಿಜವಾದ ಆಟದ ನಡುವಿನ ಬೋರ್ಡನ್ನು ಐದು ಸೆಕೆಂಡು ತೋರಿಸಿದರೆ ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಅದೇ ಜಾಗದಲ್ಲಿ ಇಟ್ಟು ತೋರಿಸುತ್ತಾನೆ. ಹೊಸಬನಿಗೆ ನಾಲ್ಕೈದೇ. ಕಾಯಿಗಳನ್ನು ಸುಮ್ನೆ ಚೆಲ್ಲಾಪಿಲ್ಲಿ ಇಟ್ಟರೆ ಇಬ್ಬರೂ ಹೆಚ್ಚು ಕಡಿಮೆ ಸಮ. ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ. ಪಳಗಿದವನಿಗೆ ಕಾಣುವುದು ಬಿಡಿ ಕಾಯಿಗಳಲ್ಲ, ಗೊತ್ತಿರುವ ಗುಂಪುಗಳು. ಫೋನ್ ನಂಬರನ್ನು ನಾವು ಐದು ಐದು ಅಂಕಿ ಮಾಡಿ ಹೇಳುತ್ತೇವಲ್ಲ, ಅದರ ದೊಡ್ಡಣ್ಣ.

ಪದ್ಯದ್ದು ಇನ್ನೊಂದು ಗುಟ್ಟು. ರಾಗ, ತಾಳ, ಪ್ರಾಸ ಇದ್ದರೆ ಒಂದು ಪದ ಮುಂದಿನ ಪದವನ್ನು ಕೈ ಹಿಡಿದು ಎಳೆಯುತ್ತದೆ. ಶಾಲಾ ಕಲೋತ್ಸವದ ಯಕ್ಷಗಾನಕ್ಕೆ ತಯಾರಾಗುವ ಹುಡುಗರನ್ನು ನೋಡಿ. ಲೆಕ್ಕದ ಸೂತ್ರ ಎರಡು ಸಾಲು ಹೇಳಲಾರದವನು ಇಡೀ ಪ್ರಸಂಗದ ಪದ ಹೇಳುತ್ತಾನೆ. ಹೆತ್ತವರು "ಇದರಲ್ಲಿ ಅರ್ಧ ಓದಿಗೆ ಹಾಕಿದ್ದರೆ" ಎಂದು ಕೊರಗುತ್ತಾರೆ. ನಾನು ಹೇಳುವುದು: ಅವನು ಹೇಗೆ ಕಲಿತ, ಅದನ್ನು ನೋಡಿ. ದಿನಾ ಸ್ವಲ್ಪ, ಪುಸ್ತಕ ನೋಡದೆ, ತಪ್ಪಿದ ಕೂಡಲೇ ಗುರುಗಳು ತಿದ್ದುತ್ತಾ, ಗುಂಪಿನ ಎದುರು. ಪಾಠಕ್ಕೂ ಇಷ್ಟೇ ಬೇಕಾದ್ದು.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಿಟ್ಟು ಓದಬಹುದಾ?

ಬೇಡ. ನಿದ್ದೆಯಲ್ಲಿ ಮೆದುಳು ಮಲಗುವುದಿಲ್ಲ. ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಕಂಡದ್ದು ಇದು: ಹಗಲು ಓಡಾಡುವಾಗ ಯಾವ ಕೋಶಗಳು ಜೊತೆಯಾಗಿ ಕೆಲಸ ಮಾಡಿದ್ದವೋ, ಗಾಢ ನಿದ್ದೆಯಲ್ಲಿ ಅವೇ ಪುನಃ ಜೊತೆಯಾಗಿ ಎದ್ದವು. ಹಗಲಿನ ಪಾಠವನ್ನು ರಾತ್ರಿ ಮೆದುಳೇ ಮೆಲುಕು ಹಾಕುತ್ತದೆ, ಹಟ್ಟಿಯ ದನದ ಹಾಗೆ. ನಿದ್ದೆ ಕೆಡಿಸಿದರೆ ನಿನ್ನೆಯದು ಗಟ್ಟಿಯಾಗುವುದಿಲ್ಲ, ನಾಳೆಯದು ಹಿಡಿಯುವುದೂ ಇಲ್ಲ. ಊರಿನ ಜಾತ್ರೆಯ ಯಕ್ಷಗಾನ ಆಟ ಬೆಳಗಿನ ತನಕ ನೋಡಿ ಮರುದಿನ ಪರೀಕ್ಷೆಗೆ ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ಪ್ರಶ್ನೆಪತ್ರಿಕೆಯ ಮೇಲೆಯೇ ತಲೆ ಇಟ್ಟಿರುತ್ತಾರೆ.

ಹಾಲ್‌ನಲ್ಲಿ ಕೂತ ಕೂಡಲೇ ಎಲ್ಲ ಖಾಲಿ ಆಗುತ್ತದೆ. ಹೊರಗೆ ಬಂದರೆ ನೆನಪಾಗುತ್ತದೆ. ಯಾಕೆ?

ಹೆದರಿಕೆಯಲ್ಲಿ ಬರುವ ಹಾರ್ಮೋನುಗಳು ನೆನಪನ್ನು ಅಳಿಸುವುದಿಲ್ಲ, ಹುಡುಕಿ ತೆಗೆಯುವುದಕ್ಕೆ ಅಡ್ಡ ಬರುತ್ತವೆ. ಹಟ ಹಿಡಿದು ಅದೇ ಪ್ರಶ್ನೆಯ ಮೇಲೆ ಕೂರಬೇಡಿ, ಮುಂದಿನದಕ್ಕೆ ಹೋಗಿ. ಗೊತ್ತಿದ್ದದ್ದು ಎರಡು ಬರೆಯುವಷ್ಟರಲ್ಲಿ ಕೈ ನಡುಕ ನಿಂತು ಅದೂ ಬರುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆದವರಿಗೆ ಈ ತೊಂದರೆ ಕಡಿಮೆ.

ತಿಮರೆ ತಂಬುಳಿ, ಬ್ರಾಹ್ಮಿ, ಬಾದಾಮಿ ತಿಂದರೆ ನೆನಪು ಜಾಸ್ತಿಯಾಗುತ್ತದಾ?

ತಿಮರೆ ತಂಬುಳಿ ರುಚಿಗೆ ಉಣ್ಣಿ. ನಾನಂತೂ ಉಣ್ಣುತ್ತೇನೆ. ತಿಮರೆ ಅಂದರೆ ಒಂದೆಲಗ, ಮಲಯಾಳದವರ ಕುಡಂಗಲ್. ಅವರು ಬ್ರಾಹ್ಮಿ ಎನ್ನುವುದು ನೀರಿನ ಬದಿಯಲ್ಲಿ ಬೆಳೆಯುವ ಬೇರೆ ಗಿಡ. ಆ ನೀರುಬ್ರಾಹ್ಮಿಯ ಮೇಲೆ ಕೆಲವು ಸಣ್ಣ ಪ್ರಯೋಗ ಆಗಿದೆ. ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಅಷ್ಟಿಷ್ಟು ಪರಿಣಾಮ ಕಂಡಿದೆ. ಪರೀಕ್ಷೆಗೆ ಒಂದು ವಾರ ಇರುವಾಗ ಬಾಟಲಿ ತಂದರೆ ಲಾಭ ಅಂಗಡಿಯವರಿಗೆ.

ನಾವು ಮೆದುಳಿನ ಹತ್ತನೇ ಒಂದು ಪಾಲು ಮಾತ್ರ ಬಳಸುವುದಂತೆ?

ಸುಳ್ಳು. ದೇಹದ ತೂಕದಲ್ಲಿ ಶೇ. 2 ಇರುವ ಮೆದುಳು ಶೇ. 20ರಷ್ಟು ಶಕ್ತಿ ತಿನ್ನುತ್ತದೆ. ಕೆಲಸ ಮಾಡದ ಒಂಬತ್ತು ಆಳಿಗೆ ಯಾರಾದರೂ ಊಟ ಹಾಕುತ್ತಾರಾ?

ನನಗೆ ಐವತ್ತೈದು. ಈಗ ಮಲಯಾಳ ಅಕ್ಷರ ಕಲಿಯಬಹುದಾ?

ಧಾರಾಳ. ಲಂಡನ್ನಿನಲ್ಲಿ ಟ್ಯಾಕ್ಸಿ ಲೈಸೆನ್ಸ್ ಬೇಕಾದರೆ ಸುಮಾರು 25,000 ರಸ್ತೆ ಬಾಯಲ್ಲಿ ಇರಬೇಕು. ಎಲೀನರ್ ಮಗ್ವಾಯರ್ ತಂಡ ಅದನ್ನು ಕಲಿಯಲು ಹೊರಟ 79 ಜನರ ಮೆದುಳನ್ನು ಕಲಿಯುವ ಮೊದಲು ಮತ್ತು ಆಮೇಲೆ ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿತು. ಪಾಸಾದ 39 ಜನರ ಹಿಪೊಕ್ಯಾಂಪಸ್‌ನ ಹಿಂಭಾಗ ಬೆಳೆದಿತ್ತು, ಉಳಿದವರದ್ದು ಬೆಳೆದಿರಲಿಲ್ಲ. ಎಲ್ಲರೂ ದೊಡ್ಡವರೇ. ಪ್ರಾಯವಾದಂತೆ ವೇಗ ಕಡಿಮೆಯಾಗುತ್ತದೆ, ಬಾಗಿಲು ಮುಚ್ಚುವುದಿಲ್ಲ.

ನಾನು ಮಲಯಾಳ ಓದಲು ಕಲಿತದ್ದು ನಲವತ್ತರ ಮೇಲೆ, ಬಸ್ಸಿನ ಬೋರ್ಡಿನಿಂದ. ಬಸ್ಸು ಎಲ್ಲಿಗೆ ಹೋಗುವುದು ಎಂದು ಮೊದಲೇ ಗೊತ್ತು. ಹಾಗಾಗಿ ಅಕ್ಷರ ಊಹಿಸುವುದು, ಬಸ್ಸು ಹತ್ತಿರ ಬಂದಾಗ ಕೆಳಗಿನ ಕನ್ನಡ ಓದಿ ಸರಿಯಾ ಎಂದು ನೋಡುವುದು. ದಿನಕ್ಕೆ ಎರಡು ಬಸ್ಸು. ಎರಡು ಮಳೆಗಾಲ ಹಿಡಿಯಿತು.

ನನಗೆ ಸ್ಪಷ್ಟವಾಗಿ ನೆನಪಿದೆ ಎಂದರೆ ಅದು ನಡೆದದ್ದೇ ಅಲ್ವಾ?

ಹಾಗೇನಿಲ್ಲ. ನೆನಪು ಫೋಟೋ ಅಲ್ಲ. ಪ್ರತಿ ಸಲ ತೆಗೆಯುವಾಗ ಮೆದುಳು ಅದನ್ನು ಪುನಃ ಕಟ್ಟುತ್ತದೆ. ಆಗ ಹೊಸದೇನಾದರೂ ಸೇರಿಕೊಳ್ಳಬಹುದು. ಎಲಿಜಬೆತ್ ಲಾಫ್ಟಸ್ 1974ರಲ್ಲಿ ಕಾರು ಅಪಘಾತದ ವಿಡಿಯೊ ತೋರಿಸಿ ಕೆಲವರಿಗೆ "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು" ಎಂದೂ ಕೆಲವರಿಗೆ "ಅಪ್ಪಳಿಸಿದಾಗ ಎಷ್ಟಿತ್ತು" ಎಂದೂ ಕೇಳಿಸಿದರು. ಒಂದು ವಾರ ಬಿಟ್ಟು "ಒಡೆದ ಗಾಜು ಕಂಡಿರಾ?" ಎಂದು ಕೇಳಿದರೆ, "ತಾಗಿದಾಗ" ಗುಂಪಿನ 50 ಜನರಲ್ಲಿ 7 ಮಂದಿ ಹೌದು ಎಂದರು. "ಅಪ್ಪಳಿಸಿದಾಗ" ಗುಂಪಿನ 50 ಜನರಲ್ಲಿ 16 ಮಂದಿ. ವಿಡಿಯೊದಲ್ಲಿ ಗಾಜು ಒಡೆದೇ ಇರಲಿಲ್ಲ.

ನನ್ನದೇ ಹೇಳುತ್ತೇನೆ. ಅಣ್ಣ ಮನೆಯ ಹಿಂದಿನ ಮದಕಕ್ಕೆ, ಅಂದರೆ ಕೆರೆಗೆ, ಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೆಂಪು ಚಡ್ಡಿ. ಅಪ್ಪ ಪಂಚೆ ಎತ್ತಿ ಕಟ್ಟಿ ಹಾರಿದ್ದು. ಮೆಟ್ಟಿಲ ಮೇಲೆ ಉರುಳಿ ಬಿದ್ದಿದ್ದ ಕೊಡಪಾನ. ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ಒಂದು ಸಲ ಅಮ್ಮನ ಎದುರು ಹೇಳುತ್ತಿದ್ದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಿದರು. "ಅವನು ಬಿದ್ದಾಗ ನೀನೆಲ್ಲಿದ್ದಿ? ನೀನು ಹುಟ್ಟಿದ್ದು ಅದರ ಮರುವರ್ಷ" ಎಂದರು. ಮರದಿಂದ ಬಿದ್ದ ಮಾವಿನಹಣ್ಣಿನ ಹಾಗಾಯಿತು ನನಗೆ. ಕೊಡಪಾನದ ವಿಷಯ ಮಾತ್ರ ನಿಜವಂತೆ. ಚಡ್ಡಿಯ ಬಣ್ಣ ಅಮ್ಮನಿಗೆ ನೆನಪಿಲ್ಲ. ನನಗೆ ಈಗಲೂ ಕೆಂಪೇ ಕಾಣುತ್ತದೆ.